ಶಾಹಿಸ್ತಾ ಖಾಲಾಗೆ ಹಾಕಬೇಕಿದ್ದ ನೀರು

ಚಿತ್ರದುರ್ಗದ ಕೋಟೆ ಕೆಳಗಿನ ಆ ಗಲ್ಲಿಯಲ್ಲಿ ಯಾರ ಮನೆಯಲ್ಲಾದರೂ ಹೆಂಗಸು ತೀರಿಕೊಂಡರೆ ಮೊದಲು ಹಂಡೆಗೆ ನೀರು ತುಂಬಿ ಒಲೆ ಹಚ್ಚುತ್ತಿದ್ದರು, ಆಮೇಲೆ ತಾಹೇರಾಳ ಮನೆ ಬಾಗಿಲು ಬಡಿಯುತ್ತಿದ್ದರು. ಮುಸಲ್ಮಾನರಲ್ಲಿ ಸತ್ತ ಹೆಂಗಸಿನ ಮೈಯನ್ನು ಹೆಂಗಸರೇ ತೊಳೆದು ಕಳಿಸಬೇಕು. ಮಣ್ಣಿಗೆ ಹೋಗುವ ಮುಂಚಿನ ಆ ಕೊನೆಯ ಸ್ನಾನಕ್ಕೆ ಗುಸ್ಲ್ ಅನ್ನುತ್ತಾರೆ. ಅದಕ್ಕೆ ಓದು ಬೇಕಿಲ್ಲ, ಬರಹ ಬೇಕಿಲ್ಲ. ಕೈ ಹಗುರ ಇರಬೇಕು, ಎದೆ ಗಟ್ಟಿ ಇರಬೇಕು. ತಾಹೇರಾಳಿಗೆ ಎರಡೂ ಇದ್ದವು.

ಅವಳ ಗಂಡ ಸುಭಾನ್ ಹತ್ತಿ ಹಿಂಜಿ ಗಾದಿ ತುಂಬುವವನು. ಅವಳು ದಿಂಬಿನ ಗಲೀಫು ಹೊಲಿಯುತ್ತ, ಮಗಳು ಫರೀಹಾಳನ್ನು ಕಾಲೇಜಿಗೆ ಕಳಿಸುತ್ತ ತನ್ನ ಪಾಡಿಗಿದ್ದಳು. ಗುಸ್ಲ್ ಮಾಡಿಸಿದ್ದಕ್ಕೆ ಯಾರಿಂದಲೂ ಒಂದು ಸೀರೆ ಕಣ ಕೂಡ ತೆಗೆದುಕೊಂಡವಳಲ್ಲ.

ಕಲಿಸಿದವಳು ಎದುರು ಮನೆಯ ಶಾಹಿಸ್ತಾ ಬೀ. ಗಲ್ಲಿಗೆಲ್ಲ ಅವಳು ಖಾಲಾ. ಖಾಲಾ ಅಂದರೆ ಚಿಕ್ಕಮ್ಮ. ತಾಹೇರಾ ಹಿರಿಯೂರಿನಿಂದ ಮದುವೆಯಾಗಿ ಬಂದಾಗ ತಾಯಿಯಿಲ್ಲದ ಹುಡುಗಿ. ತಾಯಿ ಸತ್ತಾಗ ಇವಳು ಚಿಕ್ಕವಳೆಂದು ಕೋಣೆಯೊಳಗೆ ಬಿಟ್ಟಿರಲಿಲ್ಲ. ಬಾಗಿಲ ಸಂದಿಯಿಂದ ಹರಿದು ಬಂದ ನೀರು ಮಾತ್ರ ಅವಳ ಕಾಲಿಗೆ ತಾಗಿತ್ತು. ಆ ಮಾತನ್ನು ಒಂದು ಸಲ ಖಾಲಾಳ ಮುಂದೆ ಆಡಿದ್ದಳು. ಮುಂದಿನ ಸಾವಿಗೆ ಖಾಲಾ ಇವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಯ್ಯತ್ತಿನ, ಅಂದರೆ ಹೆಣದ, ಮೇಲೆ ಬಿಳಿ ಚಾದರ ಹೊದಿಸಿತ್ತು. ಹಂಡೆಯಲ್ಲಿ ಎಲಚಿ ಎಲೆ ಹಾಕಿ ಕಾಯಿಸಿದ ನೀರು.

"ಏನೇ, ನೋಡ್ತಾ ನಿಂತೆ? ಚೊಂಬು ತಗ. ಮೊದಲು ನಿನ್ನ ಮೊಣಕೈಗೆ ಹಾಕ್ಕಂಡು ನೋಡು."

"ಯಾಕೆ ಖಾಲಾ?"

"ಸುಡ್ತೈತೆ ಅಂತ ಹೇಳಾಕೆ ಇವಳಿಗೆ ಬಾಯಿ ಐತಾ? ಕೂಸಿಗೆ ಎರೆಯೋವಾಗ ನೋಡಲ್ವಾ, ಹಂಗೆ."

ಹಾಗೆ ಕಲಿತಳು. ಚಾದರ ಸರಿಸದೆ ಅದರಡಿಯಲ್ಲೇ ಕೈಗೆ ಬಟ್ಟೆ ಸುತ್ತಿಕೊಂಡು ತೊಳೆಯುವುದು, ಬಲಗಡೆಯಿಂದ ಶುರು ಮಾಡುವುದು, ಕೊನೆಯ ನೀರಿಗೆ ಕರ್ಪೂರ ಬೆರೆಸುವುದು, ಒಳಗೆ ಕಂಡದ್ದನ್ನು ಹೊರಗೆ ಆಡದಿರುವುದು. ಯಾವ ಸೊಸೆಯ ಬೆನ್ನ ಮೇಲೆ ಬಾಸುಂಡೆ ಇತ್ತು, ಯಾವ ಮುದುಕಿಗೆ ಹಾಸಿಗೆ ಹುಣ್ಣಾಗಿತ್ತು, ಎಲ್ಲ ಅವರಿಬ್ಬರ ಹೊಟ್ಟೆಯೊಳಗೇ ಉಳಿಯಿತು.

ಖಾಲಾಗೆ ವಯಸ್ಸಾಗಿ ಮಂಡಿ ಹಿಡಿದುಕೊಂಡಾಗ ಒಂದು ದಿನ ಹೊಸಲಲ್ಲಿ ಕುಂತು ಹೇಳಿದಳು.

"ನೋಡು ತಾಹೇರಾ, ನನ್ನ ನೀರು ನೀನೇ ಹಾಕಬೇಕು. ಮಾತು ಕೊಡು. ಮಂಡಿ ಹತ್ರ ಮಾತ್ರ ಮೆಲ್ಲಗೆ, ಅದು ಬಾಳ ನೋಯ್ತೈತೆ."

"ಸತ್ತ ಮೇಲೂ ನೋಯ್ತೈತಾ ಖಾಲಾ?"

"ಯಾರು ಬಂದು ಹೇಳ್ಯಾರೆ? ನೀನು ಮೆಲ್ಲಗೆ ಹಾಕು, ನಿನ್ನ ಗಂಟೇನು ಹೋಗ್ತೈತೆ?"

ತಾಹೇರಾ ನಕ್ಕು ಮಾತು ಕೊಟ್ಟಳು. ತಾಯಿಗೆ ಹಾಕಲಾಗದ ನೀರನ್ನು ಇವಳಿಗೆ ಹಾಕುತ್ತೇನೆಂದು ಮನಸ್ಸಿನಲ್ಲೇ ಅಂದುಕೊಂಡಳು. ಆಮೇಲೆ ಖಾಲಾಳನ್ನು ಅವಳ ಅಳಿಯ ಅಸದ್ ಬಂದು ಹೊಸದುರ್ಗಕ್ಕೆ, ಮಗಳ ಮನೆಗೆ ಕರೆದುಕೊಂಡು ಹೋದ.

ಭಯ ಬಂದದ್ದು ಅದಾದ ಮೇಲೆ. ಹೆಣದ ಮುಂದೆ ಬಂದಿದ್ದರೆ ಜನಕ್ಕೂ ಅರ್ಥವಾಗುತ್ತಿತ್ತು. ಅದು ಬಂದದ್ದು ಸಂತೆಯಲ್ಲಿ, ಈರುಳ್ಳಿ ಆರಿಸುವಾಗ. ಇದ್ದಕ್ಕಿದ್ದಂತೆ ಎದೆ ಡಬಡಬ ಹೊಡೆದುಕೊಂಡಿತು. ಉಸಿರು ಗಂಟಲಲ್ಲೇ ನಿಂತಿತು. ಅಂಗೈ ಬೆವರಿ ಕೈಚೀಲ ಜಾರಿತು. ಸುತ್ತಲ ಮಾತೆಲ್ಲ ದೂರದಲ್ಲಿ ಎಲ್ಲೋ ಆಡಿದ ಹಾಗೆ ಕೇಳಿಸಿತು. ಇಲ್ಲೇ ಸಾಯುತ್ತೇನೆ, ಈ ಗಂಡಸರ ನಡುವೆ, ತಲೆ ಮೇಲಿನ ಸೆರಗು ಜಾರಿ ಬಿದ್ದು, ಅನ್ನಿಸಿತು ಅವಳಿಗೆ. ಸಾವು ಅವಳಿಗೆ ಹೊಸದಲ್ಲ. ಆದರೆ ಇಷ್ಟು ಹತ್ತಿರ ಬಂದು ಕುತ್ತಿಗೆ ಹಿಡಿದಿರಲಿಲ್ಲ.

ಸುಭಾನ್ ಹೃದಯದ ಡಾಕ್ಟರ ಹತ್ತಿರ ಕರೆದೊಯ್ದ. ಎದೆಗೆ ವೈರು ಅಂಟಿಸಿ ನೋಡಿದರು. ಏನೂ ಇಲ್ಲ, ಗ್ಯಾಸು ಇರಬೇಕು ಎಂದರು. ಗ್ಯಾಸಿನ ಮಾತ್ರೆ ನುಂಗಿದ್ದಾಯಿತು, ಸೋಂಪು ಕುದಿಸಿ ಕುಡಿದದ್ದಾಯಿತು. ಭಯ ಮತ್ತೆ ಬಂತು. ರೇಷನ್ ಅಂಗಡಿ ಸಾಲಿನಲ್ಲಿ ಬಂತು, ಬಸ್ಸಿನಲ್ಲಿ ಬಂತು, ಕೊನೆಗೆ ಬರುತ್ತದೇನೋ ಎಂಬ ಭಯಕ್ಕೇ ಬರತೊಡಗಿತು. ಸತ್ತವರ ಗಾಳಿ ತಾಗಿದೆ ಅಂತ ಗಲ್ಲಿಯವರು ಮಾತಾಡಿಕೊಂಡರು. ಸುಭಾನನ ಅಕ್ಕ ಖುರ್ಷೀದ್ ತಾಯತ ತಂದು ತೋಳಿಗೆ ಕಟ್ಟಿದಳು. ತಾಹೇರಾ ಒಂದು ಗುಸ್ಲ್ ಮಾಡಿಸಲು ಹೋಗಿ ಚೊಂಬು ಹಿಡಿದ ಕೈ ನಡುಗಿ, ಅರ್ಧಕ್ಕೇ ಹೊರಗೆ ಬಂದು ಗೋಡೆ ಹಿಡಿದು ಕುಂತಳು. ಆಮೇಲೆ ಅವಳ ಬಾಗಿಲು ಬಡಿಯುವವರು ಕಡಿಮೆಯಾದರು.

ಗಲ್ಲಿ ಮೂಲೆಯಲ್ಲಿ ಮಿರ್ಚಿ ಮಂಡಕ್ಕಿ ಮಾರುವ ಅನುಸೂಯ ಇವಳ ಗೆಳತಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಒಂದು ಸಂಜೆ ಬಾಣಲೆ ಇಳಿಸಿ ನೇರ ಬಂದಳು.

"ತಾಹೇರಕ್ಕ, ನಮ್ಮ ತಮ್ಮ ಚಿತ್ತಯ್ಯ ಗೊತ್ತಲ್ಲ, ಭರಮಸಾಗರದಾಗೆ ಇರೋನು. ಅವನಿಗೂ ಇದೇ ಆಗಿತ್ತು. ಲಾರಿ ಓಡಿಸೋನು ಸೈಕಲ್ ಹತ್ತಾಕೂ ಹೆದರ್ತಿದ್ದ. ದೊಡ್ಡಾಸ್ಪತ್ರೆಗೆ ಹೋಗಾಣ, ಮನಸ್ಸಿನ ಡಾಕ್ಟ್ರು ಅವ್ರೆ."

"ನಂಗೇನು ಹುಚ್ಚಾ ಅನುಸೂಯ?"

"ಹುಚ್ಚಿದ್ರೆ ನನ್ನ ಹತ್ರ ಉದ್ರಿ ಮಂಡಕ್ಕಿ ಕೇಳ್ತಿದ್ದೆ. ಎದ್ದೇಳು."

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೂರ್ತಿ ಕೇಳಿಸಿಕೊಂಡರು, ನಡುವೆ ಫೋನು ನೋಡಲಿಲ್ಲ. ಇದು ಆತಂಕದ ಕಾಯಿಲೆ, ಹೃದಯ ಚೆನ್ನಾಗಿದೆ ಎಂದು ಮಾತ್ರೆ ಬರೆದರು. ಔಷಧಿ ಅಂಗಡಿಯವನು ಚೀಟಿ ನೋಡಿ, "ಡಿಪ್ರೆಶನ್ ಮಾತ್ರೆ ಇದು, ಯಾರಿಗೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಫರೀಹಾ ಮೊಬೈಲಿನಲ್ಲಿ ಹುಡುಕಿ ಓದಿದಳು. ಕೆಲವರು ಒಳ್ಳೆಯದು ಅಂತಾರಂತೆ, ಕೆಲವರು ಸುಮ್ಮನೆ ಹಿಟ್ಟಿನ ಮಾತ್ರೆ ಕೊಟ್ಟರೂ ಅರ್ಧ ಜನಕ್ಕೆ ವಾಸಿಯಾಗುತ್ತೆ ಅಂತಾರಂತೆ. ತಾಹೇರಾ ಮಾತ್ರೆಯ ಹಾಳೆ ಒಡೆಯದೆ ಹಾಗೇ ತಿರುಗಿ ಆಸ್ಪತ್ರೆಗೆ ಹೋದಳು.

"ಡಾಕ್ಟ್ರಮ್ಮ, ಇದು ದುಃಖದ ಮಾತ್ರೆಯಂತೆ. ನಂಗೆ ದುಃಖ ಇಲ್ಲ, ಹೆದರಿಕೆ ಐತೆ. ಇದ್ಯಾಕೆ ನಂಗೆ?"

"ಹೆಸರು ಹಾಗೆ ಬಿದ್ದಿದೆ ಅಮ್ಮ. ಭಯಕ್ಕೂ ಇದನ್ನೇ ಕೊಡ್ತೀವಿ."

"ಕೆಲಸ ಮಾಡ್ತೈತಾ ಇಲ್ವಾ, ಅದು ಹೇಳ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದರು. "ಎಲ್ಲರಿಗೂ ಮಾಡುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. ತುಂಬಾ ಜನಕ್ಕೆ ಮಾಡುತ್ತೆ. ಕೆಲವರಿಗೆ ಸ್ವಲ್ಪ, ಕೆಲವರಿಗೆ ಇದು ಹಿಡಿಸದೆ ಬೇರೆ ಬದಲಾಯಿಸಬೇಕಾಗುತ್ತೆ. ಇವತ್ತು ನುಂಗಿದರೆ ನಾಳೆ ಗೊತ್ತಾಗಲ್ಲ, ವಾರಗಳು ಹಿಡಿಯುತ್ತೆ. ಮೊದಮೊದಲು ಹೊಟ್ಟೆ ತೊಳೆಸುತ್ತೆ, ಭಯ ಜಾಸ್ತಿ ಆದ ಹಾಗೂ ಅನ್ನಿಸಬಹುದು. ಅದು ಭಯವನ್ನ ಕಿತ್ತು ಹಾಕಲ್ಲ, ಅದರ ಸದ್ದು ಕಡಿಮೆ ಮಾಡುತ್ತೆ. ಜೊತೆಗೆ ನೀವು ದಿನಾ ಸ್ವಲ್ಪ ದೂರ ಹೋಗಿ ಬರೋದನ್ನ ರೂಢಿ ಮಾಡ್ಕೋಬೇಕು. ಒಂದು ಮಾತು ಮಾತ್ರ ನೆನಪಿಡಿ, ನನಗೆ ಹೇಳದೆ ನಿಲ್ಲಿಸಬೇಡಿ."

ಸುಳ್ಳು ಹೇಳದ ಆ ಮಾತೇ ತಾಹೇರಾಳಿಗೆ ಹಿಡಿಸಿತು. ರಾತ್ರಿ ನಮಾಜು ಮುಗಿಸಿ ಒಂದೊಂದು ಮಾತ್ರೆ ನುಂಗತೊಡಗಿದಳು. ಮೊದಮೊದಲು ವಾಕರಿಕೆ. ನಿದ್ದೆ ಇಲ್ಲ. ಬಿಟ್ಟುಬಿಡುತ್ತೇನೆ ಎಂದಾಗೆಲ್ಲ ಅನುಸೂಯ ಬಂದು ಬೈದು ಹೋಗುತ್ತಿದ್ದಳು. ಬೆಳಗ್ಗೆ ಗಲ್ಲಿ ತುದಿಯವರೆಗೆ, ಆಮೇಲೆ ಗಾಂಧಿ ವೃತ್ತದವರೆಗೆ ಅವಳೇ ಜೊತೆ ನಡೆದಳು. ಒಂದು ದಿನ ತಾಹೇರಾ ಸಂತೆಯಿಂದ ಈರುಳ್ಳಿ, ಕೊತ್ತಂಬರಿ ತಂದು ಅಡುಗೆಗಿಟ್ಟಳು. ಒಗ್ಗರಣೆ ಚಟಪಟ ಅನ್ನುವಾಗ ನೆನಪಾಯಿತು, ಇವತ್ತು ಹೆದರಲು ಮರೆತೆನಲ್ಲ ಎಂದು. ಸೌಟು ಹಿಡಿದವಳು ಹಾಗೇ ನಿಂತಳು. ಸಾಸಿವೆ ಸೀದು ಹೋಯಿತು.

ಪೂರ್ತಿ ಹೋಯಿತು ಅನ್ನುವ ಹಾಗಿಲ್ಲ. ಗದ್ದಲದಲ್ಲಿ ಒಮ್ಮೊಮ್ಮೆ ಎದೆ ಮಿಡುಕುತ್ತಿತ್ತು, ಆದರೆ ಅದು ಪಕ್ಕದ ಮನೆಯ ಜಗಳದ ಹಾಗೆ, ಕೇಳಿಸಿದರೂ ಎದ್ದು ಹೋಗಬೇಕಾಗಿರಲಿಲ್ಲ. ಅವಳ ಬಾಗಿಲನ್ನು ಮತ್ತೆ ಜನ ಬಡಿದರು. ಕೈ ನಡುಗದೆ ನೀರು ಹಾಕಿದಳು. ಬಸ್ಸು ಹತ್ತಿ ಹೊಸದುರ್ಗಕ್ಕೂ ಹೋಗಿ ಬಂದಳು. ಖಾಲಾ ಹಾಸಿಗೆ ಹಿಡಿದಿದ್ದಳು, ಬಾಯಿ ಮಾತ್ರ ಹಾಸಿಗೆ ಹಿಡಿದಿರಲಿಲ್ಲ.

"ಬಂದೆಯಾ? ಇನ್ನೂ ಸತ್ತಿಲ್ಲ ಕಣೇ, ವಾಪಸ್ ಹೋಗು."

"ನಿನ್ನ ನೋಡಾಕೆ ಬಂದೀನಿ ಖಾಲಾ."

"ಮಾತು ನೆನಪೈತಲ್ಲ? ಈ ಊರಾಗೆ ನೀರಿಗೆ ಬಾಳ ತಾಪತ್ರಯ, ಇವರು ಎರಡು ಚೊಂಬಿನಾಗೆ ಮುಗಿಸ್ತಾರೆ. ನೀನಾದ್ರೆ ತಲೆಯಿಂದ ಕಾಲಿನ ತನಕ ಹಾಕ್ತೀಯ."

ತಾಹೇರಾ ಅವಳ ಮಂಡಿಯನ್ನು ಒತ್ತುತ್ತ ಕುಂತಿದ್ದಳು. ಹೊರಡುವಾಗ ಖಾಲಾ ಅವಳ ಕೈ ಹಿಡಿದು ಮೊಣಕೈಯನ್ನು ಬೆರಳಿಂದ ಮುಟ್ಟಿದಳು.

ಖಾಲಾ ಅನ್ನ ಬಿಟ್ಟಿದ್ದಾಳೆ, ಗಂಜಿ ಮಾತ್ರ ಗುಟುಕು ಇಳಿಯುತ್ತಿದೆ ಎಂದು ಅಸದ್ ಫೋನು ಮಾಡಿದ್ದು ಮಳೆಗಾಲದ ಕೊನೆಯಲ್ಲಿ. ಅದೇ ವಾರ ಸುಭಾನನ ಅಕ್ಕ ಖುರ್ಷೀದ್ ಆಪಾ ಮನೆಗೆ ಬಂದಿದ್ದವಳು ಉಪ್ಪಿನ ಡಬ್ಬಿಯ ಹಿಂದೆ ಮಾತ್ರೆಯ ಹಾಳೆ ಕಂಡಳು. ಇವಳಿಗೆ ಕೆಟ್ಟದಾಗಲಿ ಎಂದಲ್ಲ, ಪ್ರೀತಿಯಿಂದಲೇ ಪಕ್ಕದಲ್ಲಿ ಕುಂತು ತಗ್ಗಿದ ದನಿಯಲ್ಲಿ ಕೇಳಿದಳು.

"ಇದು ತಲೆಗೆ ತಗಳೋದಲ್ವಾ?"

"ಹೂಂ ಆಪಾ. ಹೆದರಿಕೆಗೆ."

"ತಗ, ನಾನೇನೂ ಬ್ಯಾಡ ಅನ್ನಲ್ಲ. ಆದ್ರೆ ನಶೆ ಏರಿದೋರ ನಮಾಜೇ ಕೂಡಲ್ಲ ಅಂತಾರೆ. ತಲೆಗೆ ಏರೋ ಮಾತ್ರೆ ತಿಂದ ಕೈಯಾಗೆ ಮಯ್ಯತ್ತಿಗೆ ನೀರು ಹಾಕಿದ್ರೆ ಆ ಮಯ್ಯತ್ತು ಪಾಕ್ ಆಗ್ತೈತಾ, ಶುದ್ಧ ಆಗ್ತೈತಾ? ನಂಗೆ ಗೊತ್ತಿಲ್ಲಮ್ಮ. ಕೇಳ್ದೆ ಅಷ್ಟೆ."

ಕೇಳಿದವಳು ಚಹಾ ಕುಡಿದು ಹೋದಳು. ಆ ಮಾತು ಹೋಗಲಿಲ್ಲ. ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರನ್ನು ಕೇಳಿದರೆ ಒಂದೇ ನಿಮಿಷದ ಕೆಲಸ. ಆದರೆ ಕೇಳಬೇಕಾದರೆ ಸುಭಾನ್ ಗಂಡಸರ ನಡುವೆ ಹೆಂಡತಿಯ ಮಾತ್ರೆಯ ಸುದ್ದಿ ಎತ್ತಬೇಕು. ನಾಳೆ ಫರೀಹಾಳನ್ನು ನೋಡಲು ಬರುವವರ ಕಿವಿಗೂ ಬೀಳುತ್ತದೆ. ತಾಹೇರಾ ಗಂಡನ ಮುಂದೂ ಬಾಯಿಬಿಡಲಿಲ್ಲ. ಮಾತ್ರೆ ಶುರುವಾದ ಮೇಲೆ ತಾನು ನೀರು ಹಾಕಿ ಕಳಿಸಿದವರನ್ನೆಲ್ಲ ಬೆರಳು ಮಡಿಸಿ ಎಣಿಸಿದಳು. ಅವರದು ಆಗಿಹೋಯಿತು. ಖಾಲಾಳದಾದರೂ ಸಂದೇಹವಿಲ್ಲದ ಕೈಯಿಂದ ಆಗಲಿ. ಆ ಕೆಲಸ ಮುಗಿಯುವವರೆಗೆ ರೋಜಾದ ಉಪವಾಸ ಹಿಡಿದ ಹಾಗೆ ಮಾತ್ರೆ ಬಿಟ್ಟಿರುತ್ತೇನೆ, ಆಮೇಲೆ ನೋಡೋಣ ಎಂದುಕೊಂಡಳು. ಡಾಕ್ಟರ ಮಾತು ನೆನಪಾಗದೆ ಇರಲಿಲ್ಲ. ಆದರೆ ಡಾಕ್ಟರಿಗೆ ಗುಸ್ಲ್ ವಿಷಯ ಏನು ಗೊತ್ತು ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಬಿಟ್ಟ ಮೊದಲ ದಿನಗಳಲ್ಲಿ ತಲೆ ತಿರುಗಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹರಿದ ಹಾಗೆ ಜುಂ ಅನ್ನುತ್ತಿತ್ತು. ರೋಜಾದಲ್ಲಿ ಹಸಿವು ತಡೆದ ಹಾಗೆ ತಡೆದಳು. ಅದು ಇಳಿದಾಗ, ನೋಡು, ಮಾತ್ರೆ ಇಲ್ಲದೆಯೂ ಇದ್ದೇನೆ ಎಂದು ಒಳಗೊಳಗೇ ಹಿಗ್ಗಿದಳು. ಖಾಲಾ ಆಗಲೇ ಹೋಗಿದ್ದರೆ ಎಲ್ಲ ನೆಟ್ಟಗೆ ನಡೆಯುತ್ತಿತ್ತೋ ಏನೋ. ಆದರೆ ಅದು ಗಟ್ಟಿ ಜೀವ. ಗುಟುಕು ಗಂಜಿಯಲ್ಲಿ ವಾರ ವಾರ ನೂಕಿತು. ಇತ್ತ ತಾಹೇರಾಳ ಎದೆಯಲ್ಲಿ ಹಳೆಯ ಸದ್ದು ಮೆಲ್ಲಗೆ ಏರತೊಡಗಿತು. ಸಂತೆ ಬಿಟ್ಟಳು. ಗಲ್ಲಿ ತುದಿ ಬಿಟ್ಟಳು. ಅನುಸೂಯ ಕೇಳಿದರೆ ಮೈಗೆ ಸರಿಯಿಲ್ಲ ಎಂದಳು.

ಒಂದು ಬೆಳಗ್ಗೆ ಅಸದ್‌ನ ಫೋನು ಬಂತು. ಖಾಲಾ ಹೋಗಿದ್ದಳು.

"ಅಸರ್ ನಮಾಜಿಗೆ ಮಣ್ಣು ಮಾಡ್ತೀವಿ ಸುಭಾನ್ ಭಾಯ್. ಸಾಯಂಕಾಲದ ಮುಂಚೆ ಆಗಬೇಕು. ತಾಹೇರಾ ಆಪಾನೇ ಬರಬೇಕು ಅಂತ ಅತ್ತೆ ಹೇಳಿಬಿಟ್ಟೈತೆ."

ತಾಹೇರಾ ಕೈಕಾಲು ಮುಖ ತೊಳೆದು ವುಜೂ ಮಾಡಿ, ಒಗೆದ ಬಟ್ಟೆ ಉಟ್ಟು, ಕೈಗೆ ಸುತ್ತುವ ಬಟ್ಟೆ, ಕರ್ಪೂರ, ಒಣಗಿಸಿಟ್ಟ ಎಲಚಿ ಎಲೆ ಚೀಲಕ್ಕೆ ಹಾಕಿಕೊಂಡು ಗಂಡನ ಜೊತೆ ಬಸ್ಸು ಹತ್ತಿದಳು. ಮದುವೆ ಸುಗ್ಗಿ, ಬಸ್ಸು ತುಂಬಿತ್ತು. ಸಾಲು ಸಾಲು ಜನ ನಿಂತು ಕಿಟಕಿ ಕಾಣದಂತಾಗಿತ್ತು. ಊರು ದಾಟುವ ಮೊದಲೇ ಎದೆ ಶುರುವಾಯಿತು. ಅವಳು ತಸಬೀಹ್ ಮಣಿ ಎಣಿಸಿದಳು. ಡಾಕ್ಟರು ಹೇಳಿಕೊಟ್ಟ ಹಾಗೆ ಉಸಿರು ಬಿಟ್ಟಳು. ಹೊಳಲ್ಕೆರೆ ಹೊತ್ತಿಗೆ ತುಟಿ ಬಿಳುಚಿ, ಬೆರಳು ಸೆಟೆದು, ಜನರ ಕಾಲು ತುಳಿದು ಇಳಿದೇಬಿಟ್ಟಳು. ಹಿಂದೆ ಸುಭಾನ್ ಇಳಿದ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಂಡ್ರಿಸಿ ಸೋಡಾ ತಂದುಕೊಟ್ಟ. "ಸ್ವಲ್ಪ ಸುಧಾರಿಸ್ಕ. ಇನ್ನೊಂದು ಬಸ್ಸಿಗೆ ಹೋಗಾಣ. ಹೊತ್ತೈತೆ."

ಇನ್ನೊಂದು ಬಸ್ಸು ಬಂತು. ತಾಹೇರಾ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು.

"ಹತ್ತಂಗಿದ್ರೆ ಹತ್ತಮ್ಮ," ಎಂದ ಕಂಡಕ್ಟರು. "ಇಲ್ಲಾಂದ್ರೆ ಬಿಡು. ಟೈಮಾತು."

ಬಸ್ಸು ಹೋಯಿತು. ಸುಭಾನ್ ಆಟೋ ಕರೆತಂದ. ಅದರೊಳಗೆ ಕುಂತಳು, ತಿರುವು ದಾಟುವಷ್ಟರಲ್ಲಿ ಸಾಯುತ್ತೇನೆ ಎಂದು ಕೂಗಿ ಇಳಿದಳು. ಮತ್ತೆ ಅದೇ ಕಲ್ಲುಬೆಂಚು. ಅಸದ್ ಫೋನು ಮಾಡಿದ.

"ಎಲ್ಲಿದೀರಿ ಭಾಯ್? ನೀರು ಕಾದೈತೆ."

ಸ್ವಲ್ಪ ಹೊತ್ತಿಗೆ ಮತ್ತೆ. "ನೀರು ಆರ್ತಾ ಐತೆ ಅಂತಾರೆ ಹೆಂಗಸರು. ಏನು ಮಾಡಾಣ?"

ಸುಭಾನ್ ಹೆಂಡತಿಯ ಮುಖ ನೋಡಿದ. ಗಾದಿ ಹೊತ್ತು ಊರೆಲ್ಲ ತಿರುಗುವ ಮನುಷ್ಯ, ಅಷ್ಟು ಭಾರವಾದದ್ದನ್ನು ಎಂದೂ ಹೊತ್ತವನಲ್ಲ. ತಾಹೇರಾ ಎರಡೂ ಕೈಯಲ್ಲಿ ಚೀಲ ಅವುಚಿಕೊಂಡು ಹೇಳಿದಳು. "ಹಾಕ್ರಿ ಅಂತ ಹೇಳ್ರಿ. ಮಂಡಿ ಹತ್ರ ಮೆಲ್ಲಗೆ ಅಂತ ಹೇಳ್ರಿ. ಮೊಣಕೈಗೆ ಹಾಕ್ಕಂಡು ನೋಡ್ಲಿ ಅಂತ ಹೇಳ್ರಿ."

ಸುಭಾನ್ ಅಷ್ಟನ್ನೂ ಫೋನಿನಲ್ಲಿ ಹೇಳಿದ. ಆ ಕಡೆ ಅಂಗಳದ ತುಂಬ ಗಂಡಸರು, ಶಾಮಿಯಾನ ಕಟ್ಟುವ ಗದ್ದಲ. "ಆತು, ಆತು" ಎಂದು ಅಸದ್ ಫೋನಿಟ್ಟ.

"ನೀವಾದ್ರೂ ಹೋಗ್ರಿ. ಜನಾಜಕ್ಕೆ ಹೆಗಲು ಕೊಡ್ರಿ."

"ನಿನ್ನ ಹಿಂಗೆ ಬಿಟ್ಟು ಹೋದ್ರೆ ಖಾಲಾ ಎದ್ದು ಬಂದು ಬೈತಾಳೆ," ಎಂದ ಸುಭಾನ್. ನಗಿಸಲು ಹೇಳಿದ್ದು. ಅವನ ದನಿಯೇ ಒಡೆಯಿತು.

ಇಳಿಹೊತ್ತಿನ ಅಸರ್ ಅಜಾನ್ ಹೊಳಲ್ಕೆರೆಯ ಮಸೀದಿಯಿಂದಲೇ ಕೇಳಿಸಿತು. ತಾಹೇರಾ ಎದ್ದು ಹೊಸದುರ್ಗದ ರಸ್ತೆಯ ಕಡೆ ಮುಖ ಮಾಡಿ ನಿಂತಳು, ಅಜಾನ್ ಮುಗಿಯುವವರೆಗೂ. ಸಂಜೆ ಭೀಮಸಮುದ್ರದ ಪರಿಚಯದವರ ಲಗೇಜ್ ಆಟೋ ಸಿಕ್ಕಿತು. ಅದರ ಹಿಂಬದಿಯ ತೆರೆದ ಜಾಗದಲ್ಲಿ ಕುಂತು, ಗಾಳಿಗೆ ಮುಖ ಕೊಟ್ಟು ಊರಿಗೆ ಬಂದಳು.

ಮಾತ್ರೆ ಬಿಟ್ಟ ವಿಷಯವನ್ನು ಗಂಡನಿಗೆ ಹೇಳಿದ್ದು ಆ ರಾತ್ರಿಯೇ. ಸುಭಾನ್ ಬೈಯಲಿಲ್ಲ. ಮಾರನೇ ದಿನ ಮಸೀದಿಗೆ ಹೋಗಿ, ಯಾರ ಹೆಸರೂ ಮರೆಮಾಡದೆ, ನನ್ನ ಹೆಂಡತಿಗೆ ಹೀಗೆ ಎಂದು ಕೇಳಿದ. ಹಜರತ್ತರು ಓದುತ್ತಿದ್ದವರು ತಲೆಯೆತ್ತಿ, "ಡಾಕ್ಟ್ರು ಕೊಟ್ಟಿದ್ದು ದವಾ ಅಲ್ವೇನಪ್ಪ? ನಶೆ ಅಂತ ಯಾರಂದ್ರು? ಬಿಪಿ ಮಾತ್ರೆ ನಾನೂ ತಗಂತೀನಿ," ಎಂದರು. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಈ ಮಾತನ್ನು ಬಂದು ಹೇಳಿದಾಗ ತಾಹೇರಾ ದಿಂಬಿನ ಗಲೀಫು ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಿದಳು, ಮತ್ತೆ ಹೊಲಿದಳು. ಖುರ್ಷೀದ್ ಆಪಾ ಸುದ್ದಿ ತಿಳಿದು ಬಂದು ಅವಳ ಕಾಲ ಬಳಿ ಕುಂತು ಅತ್ತಳು. ಅವಳನ್ನೂ ತಾಹೇರಾಳೇ ಸಮಾಧಾನ ಮಾಡಬೇಕಾಯಿತು.

ಅನುಸೂಯ ಬಂದು ಮಾತ್ರ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅದೇ ಮಾತ್ರೆ ಮತ್ತೆ ಬರೆದರು. ಮತ್ತೆ ವಾಕರಿಕೆ, ಮತ್ತೆ ಗಲ್ಲಿ ತುದಿ, ಮತ್ತೆ ಗಾಂಧಿ ವೃತ್ತ. ಈ ಸಲವೂ ಅದು ಕೆಲಸ ಮಾಡಿತು, ಮೊದಲಿನಷ್ಟೇ ನಿಧಾನವಾಗಿ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಹೋಗಲಾಗಲಿಲ್ಲ. ಆಮೇಲೆ ಮೈ ಹಿಡಿತಕ್ಕೆ ಬಂದ ಮೇಲೆ ಗಂಡ ಹೆಂಡತಿ ಹೊಸದುರ್ಗಕ್ಕೆ ಹೋದರು. ಖಾಲಾಗೆ ನೀರು ಹಾಕಿದ ಹೆಂಗಸು ಅದೇ ಬೀದಿಯವಳು, ಒಳ್ಳೆಯವಳು. ತಾಹೇರಾ ಅವಳನ್ನು ಪಕ್ಕಕ್ಕೆ ಕರೆದು ಕೇಳಿದಳು.

"ನೀರು ಮೊಣಕೈಗೆ ಹಾಕ್ಕಂಡು ನೋಡಿದ್ರಾ?"

"ಮೊಣಕೈಗಾ? ಯಾಕೆ ಆಪಾ?"

"ಬಿಸಿ ಇತ್ತಾ ಅಂತ."

"ಹೊತ್ತಾಗಿತ್ತು, ಆರಿತ್ತು ಅಂತ ಮತ್ತೆ ಕಾಯಿಸಿದ್ವಿ. ಅವಸರದಾಗೆ ಹಾಕಿದ್ವಿ. ಬಿಸಿ ಇತ್ತೇನೋ. ನಂಗೆ ನೆನಪಿಲ್ಲ."

"ಮಂಡಿ..." ಎಂದಳು ತಾಹೇರಾ. ಅವಳ ಕೈ ಒತ್ತಿ, ದೇವರು ನಿಮಗೆ ಒಳ್ಳೇದು ಮಾಡ್ಲಿ ಎಂದಳು. ಹೆಂಗಸರು ಒಳಗೆ ಹೋಗುವಂತಿಲ್ಲ, ಖಬರಸ್ತಾನದ ಗೋಡೆಯಾಚೆಯಿಂದಲೇ ಅಸದ್ ತೋರಿಸಿದ ಮಣ್ಣಿನ ದಿಬ್ಬ ನೋಡಿದಳು. ಅದರ ಮೇಲೆ ಹುಲ್ಲು ಬಂದಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಹೊಳಲ್ಕೆರೆಯಲ್ಲಿ ಬಸ್ಸು ನಿಂತು, ಡ್ರೈವರು ಚಹಾಕ್ಕೆ ಇಳಿದ. ಕಿಟಕಿಯಾಚೆ ಅದೇ ಕಲ್ಲುಬೆಂಚು, ಅದರ ಮೇಲೆ ಯಾರೋ ಮುದುಕ ಚೀಲ ತಲೆಗಿಟ್ಟು ಮಲಗಿದ್ದ. ಸುಭಾನ್ ಹೆಂಡತಿಯ ಕಡೆ ಹೆದರುತ್ತಲೇ ನೋಡಿದ. ತಾಹೇರಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅದು ಸುಮ್ಮನೆ, ತನ್ನ ಪಾಡಿಗೆ, ಹೊಡೆದುಕೊಳ್ಳುತ್ತಿತ್ತು. ಖಾಲಾ ಹೋದ ದಿನವೂ ಹೀಗೇ ಹೊಡೆದುಕೊಂಡಿದ್ದರೆ ಸಾಕಿತ್ತು. ಆಗ ಅವಳಿಗೆ ಅಳು ಬಂತು, ಈವರೆಗೆ ಬಾರದಿದ್ದ ಅಳು, ಸೆರಗು ಬಾಯಿಗಿಟ್ಟರೂ ನಿಲ್ಲದ ಅಳು.

"ಏನಾತು? ಇಳೀತೀಯಾ?" ಎಂದ ಸುಭಾನ್.

"ಇಲ್ಲ," ಎಂದಳು. "ಕುಂತ್ಕಳ್ರಿ. ಏನೂ ಆಗಿಲ್ಲ ನಂಗೆ. ಹೋಗಾಣ."